ಬಾವಿ ಉಳಿಸಾಕ ಡಬ್ಬಿ ಮುಚ್ಚಿಟ್ಟಿದ್ದು

ಮಂದಿಗೆ ಹಳೇದೇನಾರ ತೋರಸ್ತೀನಿ ಅಂತ ನಾ ಚಪ್ಪಲಿ ಮೆಟ್ಟಿ ಹೊರಬಿದ್ದೆ ಅಂದ್ರ, ಸಂಜಿ ಆಗೋದ್ರಾಗ ಒಂದು ಹೊಸಾ ಫಜೀತಿ ಆಗಿರಲೇಬೇಕು. ಒಂದಿನಾನೂ ತಪ್ಪಿದ್ದಿಲ್ಲ. ನಮ್ಮನಿಯವ್ರು ಇದಕ್ಕ "ನಿನ್ನ ಹಣೇಬಾರ" ಅಂತಾರ. ನಾ ಒಪ್ಪಂಗಿಲ್ಲ. ಇದು ನಮ್ಮ ಸೀಮಿ ಮಂದಿ ಗುಣ.

ನಾ ಹೈಸ್ಕೂಲಿನ್ಯಾಗ ಸಮಾಜ ಪಾಠ ಹೇಳೋ ಅಕ್ಕೋರು. ಶಹಾಪುರದಿಂದ ಸುರಪುರಕ್ಕ ಹೋಗೋ ದಾರ್ಯಾಗ, ಮೇನ್ ರೋಡ್ ಬಿಟ್ಟು ಸ್ವಲ್ಪ ಒಳಗ ನಮ್ಮೂರು. ನಮ್ಮನಿಯವ್ರು ಯಾದಗಿರ್ಯಾಗ ಒಂದು ಆಫೀಸಿನ್ಯಾಗ ಗುಮಾಸ್ತರು. ಮುಂಜಾನಿ ಏಳರ ಬಸ್ಸಿಗೆ ಊಟದ ಡಬ್ಬಿ ಕಟಗೊಂಡು ಹೋದ್ರ ಸಂಜೀಕ ಬರ್ತಾರ.

ನಮ್ಮೂರ ಅಗಸಿ ಬಾಗಲಾ ಹತ್ರ ಒಂದು ಮೆಟ್ಟಲ ಬಾವಿ ಅದ. ಯಾರು ಕಟ್ಟಿಸಿದ್ದು ಅಂತ ಕೇಳಿದ್ರ ಒಬ್ಬೊಬ್ರು ಒಂದೊಂದು ರಾಜನ ಹೆಸರು ಹೇಳ್ತಾರ. ನನಗ ರಾಜನ ಚಿಂತಿ ಇಲ್ಲ. ನಾ ಈ ಊರಿಗೆ ಸೊಸಿಯಾಗಿ ಬಂದಾಗ ಅತ್ತಿ ಮುಂದ ಅಳಾಕ ಧೈರ್ಯ ಇರಲಿಲ್ಲ. ಕೊಡ ತಗೊಂಡು ಬಾವಿಗೆ ಹೋಗಿ, ಮೆಟ್ಟಲ ಮ್ಯಾಲ ಕುಂತು ಹೊಟ್ಟಿ ತುಂಬ ಅತ್ತು, ಮಾರಿ ತೊಳಕೊಂಡು ಬರ್ತಿದ್ದೆ. ಅಲ್ಲೆ ನೋಡಿದ್ರ ಮತ್ತ ಮೂರು ಮನಿ ಸೊಸ್ಯಾರು ಅದೇ ಕೆಲಸಕ್ಕ ಬಂದಿರ್ತಿದ್ರು! ಅಳೋದು ಮರತು ನಾಲ್ಕೂ ಮಂದಿ ನಗಕೋತ ಕೂಡ್ತಿದ್ವಿ.

ಆಮ್ಯಾಗ ಕಾಲುವಿ ನೀರು ಬಂತು. ಹೊಲಕ್ಕ ಭತ್ತ ಬಂತು, ಮನಿ ಮುಂದ ನಳ ಬಂತು. ಒಳ್ಳೇದೇ ಆತು, ಇಲ್ಲ ಅನ್ನಂಗಿಲ್ಲ. ಆದ್ರ ಬಾವಿ ಕಡೆ ಯಾರೂ ಹಾಯಲಿಲ್ಲ. ಜಾಲಿ ಬೆಳೀತು, ಹೂಳು ತುಂಬಿತು. ಹ್ವಾದ ವರ್ಷ ನಮ್ಮ ಪಂಚಾಯ್ತಿ ಮೆಂಬರ್ರು "ಬಾವಿ ಮುಚ್ಚಿ ಅಲ್ಲೆ ಅಂಗಡಿ ಸಾಲು ಕಟ್ಟೋಣು" ಅಂತ ಠರಾವು ಮಾಡಿಸಿಬಿಟ್ರು. ನಾ ಹೋಗಿ ಜಗಳಾ ತಗದೆ.

"ಅಕ್ಕೋರ, ಆ ಬಾವಿಗೆ ಯಾರು ಬರ್ತಾರ ಹೇಳ್ರಿ? ಬಳಕಿ ಇಲ್ಲದ ಬಾವಿ ಅದು," ಅಂದ್ರು. "ಮೂರು ತಿಂಗಳಿಗೆ ಮ್ಯಾಲಿನ ಸಾಹೇಬ್ರು ಬಂದು ನೋಡ್ತಾರ. ಬಳಕಿ ಅದ ಅಂತ ಬರದ್ರ ಉಳೀತದ, ಇಲ್ಲ ಅಂತ ಬರದ್ರ ಮುಗೀತು."

"ಮಂದಿ ಬರೂಹಂಗ ನಾ ಮಾಡಿದ್ರ?"

"ಮಾಡ್ರಿ ನೋಡೋಣು," ಅಂತ ನಕ್ಕರು. ಆ ನಗಿ ನೋಡಿ ನನಗ ಹಟ ಹತ್ತಿತು.

ಕ್ವಾಟಿ ಸಂದ್ಯಾಗ ಕೈ

ಅದೇ ವಾರ ಸಾಲಿ ಮಕ್ಕಳನ್ನ ಕರಕೊಂಡು ಯಾದಗಿರಿ ಗುಡ್ಡದ ಮ್ಯಾಲಿನ ರಾಜರ ಕಾಲದ ಕ್ವಾಟಿಗೆ ಹೋಗಿದ್ವಿ. ನನ್ನ ಜೋಡಿ ನಮ್ಮ ಪಿ.ಟಿ. ಮಾಸ್ತರು. ಮ್ಯಾಲ ಹತ್ತಿ ನೋಡ್ತೀನಿ, ಐವತ್ತರ ಹತ್ರದ ಗಂಡಸು ಒಬ್ರು, ತೆಲಿ ಮ್ಯಾಲ ಟೊಪಗಿ, ಕ್ವಾಟಿ ಕಲ್ಲಿನ ಸಂದ್ಯಾಗ ಬಗಲ ಮಟ ಕೈ ತುರುಕ್ಯಾರ!

"ಯಪ್ಪಾ, ಕೈ ತಗೀರಿ! ಹಾವು ಚೇಳು ಇರ್ತಾವ!" ಅಂತ ಚೀರಿದೆ.

"ಒಂದ್ ನಿಮಿಷ ಸುಮ್ನಿರ್ರಿ ಮೇಡಂ... ಹಾಂ, ಸಿಕ್ತು!" ಅಂತ ಒಂದು ಸಣ್ಣ ಡಬ್ಬಿ ಹೊರಗ ತಗದ್ರು. ಅದರಾಗ ಒಂದು ನೋಟಬುಕ್ಕು, ಒಂದು ಪೆನ್ಸಿಲ್. ಹೆಸರು ಬರದು, ತಾರೀಖು ಹಾಕಿ, ಡಬ್ಬಿ ತಿರುಗಿ ಸಂದ್ಯಾಗ ಇಟ್ರು.

ಅವ್ರು ಹೈದರಾಬಾದಿನವ್ರಂತ. ಇದು ಜಿಯೋಕ್ಯಾಶಿಂಗ್ ಅಂತ ಒಂದು ಆಟ ಅಂತ. ಯಾರೋ ಒಬ್ರು ಹಳೇ ಜಾಗಾದಾಗ ಡಬ್ಬಿ ಮುಚ್ಚಿಟ್ಟು, ಆ ಜಾಗಾದ ಅಕ್ಷಾಂಶ ರೇಖಾಂಶ ಫೋನಿನ್ಯಾಗ ಹಾಕ್ತಾರ. ಬೇರೇದವ್ರು ಫೋನಿನ್ಯಾಗಿನ ಬಾಣ ನೋಡಕೋತ ಬಂದು ಹುಡುಕ್ತಾರ. ದೇಶ ದೇಶದ ಮಂದಿ ಆಡ್ತಾರಂತ.

"ಸಿಕ್ರ ಏನು ಕೊಡ್ತಾರ?" ಅಂತ ಕೇಳಿದೆ.

"ಏನೂ ಇಲ್ಲ. ಸಹಿ ಮಾಡಿ ಹೋಗೋದು, ಅಷ್ಟೇ."

"ಬರೇ ಸಹಿ ಮಾಡಿ ಹೋಗಾಕ ಹೈದರಾಬಾದಿಂದ ಬಂದೀರಿ?"

"ಹೌದು. ಈ ಡಬ್ಬಿ ಇರದಿದ್ರ ಈ ಕ್ವಾಟಿ ನಾ ನೋಡ್ತಿದ್ದೇ ಇಲ್ಲ," ಅಂದ್ರು.

ನನ್ನ ತೆಲ್ಯಾಗ ಪಕ್ಕನ ಬೆಳಕು ಹತ್ತಿತು. ಬಾವಿಗೆ ಮಂದಿ ಬರಬೇಕಂದ್ರ ಇದೇ ದಾರಿ! ಮೊದಲು ಸುತ್ತಮುತ್ತ ಮೂರು ಡಬ್ಬಿ ಇಡೋದು, ಹೆಸರು ಆಗಲಿ. ಕಡೀಕ ಬಾವ್ಯಾಗ ಒಂದು. ಖುಷೀಲೆ ಪಿ.ಟಿ. ಮಾಸ್ತರಿಗೆ ಹೇಳಿದೆ. ಅವ್ರು ಎಲ್ಲಾ ಕೇಳಿ, ತೆಲಿ ಕೆರಕೊಂಡು ಅಂದ್ರು: "ಸಹಿ ಮಾಡಿ ಹೋಗೋದೇ ಆಟ ಅಂದ್ರ, ಅಕ್ಕೋರ, ನಮ್ಮ ಹೆಡ್ ಮಾಸ್ತರು ಹತ್ತು ವರ್ಷದಿಂದ ಆಡಾಕತ್ತಾರಲ್ರಿ."

ಡಬ್ಬಿ ಮೇಯಾಕ ಹೋತು

ಮೊದಲನೇ ಡಬ್ಬಿ ಮ್ಯಾಲ ನನ್ನ ಹೆಸರು ಬರದು, ಊರ ಹೊರಗಿನ ಗುಡ್ಡದ ಮ್ಯಾಲಿನ ಹಾಳು ಬುರುಜಿನ್ಯಾಗ ಇಟ್ಟೆ. ಅಲ್ಲಿಂದ ನೋಡಿದ್ರ ದೂರದಾಗ ಶಹಾಪುರದ ಗುಡ್ಡ ಮಲಗಿದ ಬುದ್ಧನಂಗ ಕಾಣ್ತದ. ಚೊಲೊ ಜಾಗಾ. ಅಕ್ಷಾಂಶ ರೇಖಾಂಶದ ಅಂಕಿ, ನನ್ನ ಫೋನ್ ನಂಬರು ಎಲ್ಲಾ ಆಟದಾಗ ಹಾಕಿದೆ.

ಮರುದಿನ ಮುಂಜಾನಿ ಬಾಗಲಾ ಬಡದ ಸಪ್ಪಳ. ಕುರಿ ಕಾಯೋ ಅಜ್ಜ ನಿಂತಾನ, ಕೈಯಾಗ ನನ್ನ ಡಬ್ಬಿ.

"ಅಕ್ಕೋರ, ನಿಮ್ಮ ಡಬ್ಬಿ ಬುರುಜಿನ್ಯಾಗ ಬಿಟ್ಟು ಬಂದೀರಿ. ಯಾರಾರ ಒಯ್ದಿದ್ರ?"

"ಬೇಕಂತಲೇ ಇಟ್ಟೀನಿ ಯಜ್ಜಾ," ಅಂತ ತಿಳಿಸಿ ಹೇಳಿ ತಿರುಗಿ ಇಟ್ಟು ಬಂದೆ. ಎರಡು ದಿನಕ್ಕ ಮತ್ತ ಬಾಗಲಾ. ಮತ್ತ ಅಜ್ಜ. ಮತ್ತ ಡಬ್ಬಿ. "ಮತ್ತ ಮರತೀರಲ್ರಿ! ಇಷ್ಟು ಮರವು ಇದ್ರ ಪಾಠ ಹ್ಯಾಂಗ ಹೇಳ್ತೀರಿ?"

ಮೂರನೇ ಸಲ ಅಜ್ಜ ಡಬ್ಬಿ ತರಲಿಲ್ಲ. ಇನ್ನೂ ಕೆಟ್ಟ ಕೆಲಸ ಮಾಡಿದ. ಕಾವಲು ಕುಂತ. ರಾಯಚೂರಿಂದ ಇಬ್ರು ಬೈಕಿನ್ಯಾಗ ಹುಡುಕಕೋತ ಬಂದ್ರ, "ಅಕ್ಕೋರ ಡಬ್ಬಿ, ಮುಟ್ಟಿದ್ರ ನೋಡ್ರಿ!" ಅಂತ ನಾಯಿ ಬಿಟ್ಟು ಗುಡ್ಡ ಇಳಿಸ್ಯಾನ. ಅವ್ರು ಫೋನಿನ್ಯಾಗ ಬರದ್ರು: "ಜಾಗಾ ಚೆಂದ ಅದ. ನಾಯಿ ಮೂರು ಅವ."

ನಾ ಓಡಿ ಹೋಗಿ ಗುಡ್ಡದ ಮ್ಯಾಲ ಅಜ್ಜನ ಮುಂದ ಕುಂತು, ಮೊದಲಿಂದ ಕಡೀ ಮಟ ಆಟ ಬಿಡಿಸಿ ಹೇಳಿದೆ. ಅಂವ ಬೀಡಿ ಸೇದಕೋತ ಎಲ್ಲಾ ಕೇಳಿದ.

"ಅಂದ್ರ ಬಂದವ್ರಿಗೆ ಸಿಗಬೇಕು?"

"ಹೌದು ಯಜ್ಜಾ, ಸಿಗಬೇಕು."

"ಸಿಗಬೇಕಂದ್ರ ಮುಚ್ಚಿಡೋದ್ಯಾಕ? ನನ್ನ ಕೈಯಾಗ ಕೊಡ್ರಿ. ಬಂದವ್ರಿಗೆ ನಾನೇ ಕೊಡ್ತೀನಿ."

ಡಬ್ಬಿ ಅಜ್ಜನ ಕಂಬಳ್ಯಾಗ ಸೇರಿತು. ಖರೇ ಹೇಳಬೇಕಂದ್ರ, ಬಂದವ್ರಿಗೆ ಅಂವ ಬುರುಜಿನ ಕತಿ ಹೇಳಿ, ಎಲ್ಲಿ ನಿಂತ್ರ ಬುದ್ಧನ ಮೂಗು ಚೊಲೊ ಕಾಣ್ತದ ಅಂತ ಕೈ ಹಿಡದು ನಿಲ್ಲಿಸಿ ತೋರಸ್ತಿದ್ದ. ನನ್ನ ಪಾಠಕ್ಕಿಂತ ಅಂವನ ಪಾಠ ಚೊಲೊ ಇತ್ತು. ತೊಂದರಿ ಒಂದೇ. ಮೇವು ಮುಗದ ಮ್ಯಾಲ ಕುರಿ ಮುಂದ ನಡದ್ವು, ಕುರಿ ಹಿಂದ ಅಜ್ಜ ನಡದ, ಅಜ್ಜನ ಜೋಡಿ ಡಬ್ಬೀನೂ ನಡೀತು. ಕಲಬುರಗಿಂದ ಒಬ್ರು ಬಂದು ಬುರುಜೆಲ್ಲಾ ಜಾಲಾಡಿ ನನಗ ಫೋನ್ ಹಚ್ಚಿದ್ರು. "ಮೇಡಂ, ಡಬ್ಬಿ ಇಲ್ಲಲ್ರಿ?"

ನಾ ಅಂದೆ: "ಈ ವಾರ ಕಕ್ಕೇರಾ ಕಡೆ ಮೇಯಾಕ ಹೋಗೇದ್ರಿ. ಮಳಿ ಬಿದ್ದ ಮ್ಯಾಲ ಬರ್ತದ."

ಕಲ್ಲಿನ ಆಫೀಸು

ಎರಡನೇ ಡಬ್ಬಿ ಕಾಲುವಿ ದಂಡಿಗೆ ಇಟ್ಟೆ. ಅಲ್ಲೆ ನಿಜಾಮನ ಕಾಲದ ಒಂದು ಮೈಲಿಗಲ್ಲು ಅದ, ಮ್ಯಾಲ ಉರ್ದು ಅಂಕಿ. ಕಾಲುವಿ ತೋಡುವಾಗ ಅದನ್ನ ಯಾರೋ ಪುಣ್ಯಾತ್ಮರು ಒಗೀಲಾರದ ದಂಡಿಗೆ ನಿಲ್ಲಿಸ್ಯಾರ. ಅದರ ಬುಡಕ ಡಬ್ಬಿ, ಡಬ್ಬ್ಯಾಗ ದಪ್ಪಂದು ನೋಟಬುಕ್ಕು.

ಹದಿನೈದು ದಿನಕ್ಕ ಹೋಗಿ ನೋಡ್ತೀನಿ, ಅರ್ಧ ನೋಟಬುಕ್ಕು ತುಂಬೇದ! ಖುಷೀಲೆ ಮೊದಲನೇ ಹಾಳಿ ಓದಿದೆ.

"ಮಾನ್ಯರೇ, ನಮ್ಮ ಹೊಲ ಕಾಲುವಿ ಕಟ್ಟಕಡೀಗೆ ಇರುತ್ತದೆ. ನೀರು ಬಂದಿರುವುದಿಲ್ಲ. ದಯಮಾಡಿ ಬಿಡಬೇಕು."

ಎರಡನೇದು: "ಮಾನ್ಯರೇ, ಮ್ಯಾಲಿನ ಹೊಲದವ್ರು ತೂಬಿಗೆ ಕಲ್ಲು ಹಾಕಿರುತ್ತಾರೆ." ಮೂರನೇದು: "ಮಾನ್ಯರೇ, ಮ್ಯಾಲಿನ ಅರ್ಜಿ ಸುಳ್ಳು ಇರುತ್ತದೆ. ನಾವು ಕಲ್ಲು ಹಾಕಿರುವುದಿಲ್ಲ. ಅದು ತಾನೇ ಬಿದ್ದಿರುತ್ತದೆ." ಅದರ ಕೆಳಗ ಹತ್ತು ಹೆಬ್ಬೆಟ್ಟು.

ಕಲ್ಲಿನ ಹತ್ರ ಡಬ್ಬಿ, ಡಬ್ಬ್ಯಾಗ ಪುಸ್ತಕ, ಪುಸ್ತಕದ ಜೋಡಿ ಪೆನ್ಸಿಲ್ ಅಂದ್ರ ನಮ್ಮ ಮಂದಿ ಮತ್ತೇನು ತಿಳಕೋಬೇಕು? ಅರ್ಜಿ ಬರಿಯಾಕ ಸರಕಾರಾನೇ ಇಟ್ಟೇದ ಅಂತ ಸುತ್ತ ನಾಲ್ಕು ಹಳ್ಳಿಗೆ ಸುದ್ದಿ ಆಗೇದ.

ಅದ್ರಾಗ ಏನಾತು, ಅದೇ ವಾರ ಕಾಲುವಿ ಪಾಳಿ ಬಂದು ಕಡೇ ಹೊಲಕ್ಕೂ ನೀರು ಹರೀತು. ಹಿರಿಯ ರೈತರೊಬ್ರು ಒಂದು ಚೀಲ ಹಸಿ ಶೇಂಗಾ ಹೊತಗೊಂಡು ನಮ್ಮನಿಗೆ ಬಂದ್ರು. ಡಬ್ಬಿ ಮ್ಯಾಲ ನನ್ನ ಹೆಸರು ಇತ್ತಲ್ಲ!

"ಅಕ್ಕೋರ, ನಿಮ್ಮ ಉಪಕಾರ ಮರಿಯಂಗಿಲ್ರಿ."

"ಯಪ್ಪಾ, ಕಾಲುವಿಗೂ ನನಗೂ ಸಂಬಂಧ ಇಲ್ರಿ! ಅದು ನನ್ನ ಕೈಯಾಗಿಲ್ಲ."

ಅವ್ರು ಚೀಲ ಇಳಿಸಿ, ದಸ್ತಿಲೆ ಬೆವರು ಒರಸಕೊಂಡು ಮುಗುಳ್ನಕ್ಕರು. "ನಮ್ಮ ಕೈಯಾಗಿಲ್ಲ ಅಂತ ಎಲ್ಲಾ ಆಫೀಸಿನವ್ರೂ ಅಂತಾರ್ರಿ ಅಕ್ಕೋರ. ಮಾಡಿಕೊಟ್ಟವ್ರು ನೀವೊಬ್ರೇ."

ಬಣವಿ ನೋಡಿದ ಬೀಗರು

ಮೂರನೇ ಡಬ್ಬಿ ಹಣಮಂದೇವರ ಗುಡಿ ಹಿಂದಿನ ವೀರಗಲ್ಲಿನ ಹತ್ರ. ಇದರಾಗ ತಪ್ಪು ಪೂರಾ ನಂದೇ. ಫೋನಿನ್ಯಾಗ ಅಂಕಿ ಹಾಕುವಾಗ ಎರಡು ಅಂಕಿ ಹಿಂದ ಮುಂದ ಆದ್ವು. ಬಾಣ ಹೋಗಿ ಎಲ್ಲಿ ನಡಬೇಕು? ಮೆಂಬರ್ರ ಮನಿ ಹಿತ್ತಲದಾಗಿನ ಮೇವಿನ ಬಣವ್ಯಾಗ!

ಒಂದು ಐತವಾರ ಬೀದರಿಂದ ಐದು ಮಂದಿ ಕಾರಿನ್ಯಾಗ ಬಂದ್ರು. ಇಸ್ತ್ರಿ ಅಂಗಿ, ಜೋಡಿ ಒಬ್ರು ಹಿರಿಯರು. ಮೆಂಬರ್ರ ಮನಿ ಮುಂದ ಕಾರು ನಿಲ್ಲಿಸಿ, ಮನಿ ನೋಡೋದು, ತಮ್ಮೊಳಗ ಪಿಸಪಿಸ ಮಾತಾಡೋದು, ಮತ್ತ ನೋಡೋದು. ಮೆಂಬರ್ರಿಗೆ ಯಾದಗಿರ್ಯಾಗ ಡಿಗ್ರಿ ಓದೋ ಮಗಳದಾಳ. ನಮ್ಮ ಕಡೆ ಐತವಾರ ಐದು ಮಂದಿ ಹಿಂಗ ಬಂದು ನಿಂತ್ರ ಯಾರೂ ಯಾಕ ಬಂದೀರಿ ಅಂತ ಕೇಳಂಗಿಲ್ಲ.

"ಬರ್ರಿ, ಬರ್ರಿ, ಒಳಗ ಬರ್ರಿ!" ಅಂತ ಮೆಂಬರ್ರು ಕೈ ಹಿಡದು ಒಳಗ ಕರಕೊಂಡ್ರು. ಕಾಲಿಗೆ ನೀರು, ಜಮಖಾನಿ, ಉಪ್ಪಿಟ್ಟು. ಹುಡುಗಿ ಸೀರಿ ಉಟ್ಟು ಚಾ ತಂದು ಕೊಟ್ಲು. ಬಂದವ್ರು ಪಾಪ ಭಾಳ ಮರ್ಯಾದಿ ಮಂದಿ. ಈ ಊರಿನ್ಯಾಗ ಡಬ್ಬಿ ಹುಡಕೋರಿಗೆ ಎಷ್ಟು ಉಪಚಾರ ಮಾಡ್ತಾರ ಅಂತ ಕಣ್ಣು ತುಂಬಿ ಬಂದಾವಂತ.

ಉಪ್ಪಿಟ್ಟು ಮುಗದ ಮ್ಯಾಲ ಹಿರಿಯರು ಗಂಟಲು ಸರಿ ಮಾಡಕೊಂಡು, "ಹಿತ್ತಲದಾಗ ಬಣವಿ ಅದ ಅಂತ ಕಾಣ್ತದ. ಅದನ್ನಷ್ಟು ನೋಡಬಹುದೇನ್ರಿ?" ಅಂದ್ರು.

ಹೊಲಾ, ದನಾ, ಬಣವಿ ನೋಡಿ ಮನಿತನ ಅಳೆಯೋದು ಪದ್ಧತೀನೇ ಅಲ್ಲ? ಮೆಂಬರ್ರು ಎದಿ ಉಬ್ಬಿಸಿ ಕರಕೊಂಡು ಹೋದ್ರು. ಐದೂ ಮಂದಿ ಅರ್ಧ ತಾಸು ಬಣವಿ ಸುತ್ತು ಹಾಕಿ, ಒಬ್ರು ಮ್ಯಾಲ ಹತ್ತಿ, ಇಬ್ರು ಒಳಗ ಕೈ ಹಾಕಿ ನೋಡಿ, ಸಿಗಲಿಲ್ಲ ಅಂತ ಸಣ್ಣ ಮಾರಿ ಮಾಡಕೊಂಡು ಹೋದ್ರು.

ವಾರ ಕಳದ್ರೂ ಸುದ್ದಿ ಇಲ್ಲ. ಮೆಂಬರ್ರು ಬಡಬಡಸ್ತಿದ್ರು: "ಎಂಥಾ ಬೀಗರಪ್ಪ! ಹುಡುಗಿನ್ನ ಒಂದು ಮಾತೂ ಕೇಳಲಿಲ್ಲ. ಮೇವಿನ್ಯಾಗ ಏನು ಕೊರತಿ ಕಂಡ್ರೋ!" ಆಮ್ಯಾಗ ಎರಡನೇ ಗುಂಪು ಬಂತು. ಅವರಿಗೂ ಉಪ್ಪಿಟ್ಟು ಕೊಟ್ಟು ಕೇಳಿದ ಮ್ಯಾಲ ಖರೇ ಹೊರಗ ಬಿತ್ತು. ಮೆಂಬರ್ರು ಕೆಂಡಾಮಂಡಲ ಆಗಿ ನಮ್ಮ ಅಂಗಳಕ್ಕ ಬಂದು, "ಅಕ್ಕೋರ, ಇನ್ನ ಆ ಬಾವಿ ಮುಚ್ಚಿಸಲಾರದ ನಾ ಉಣ್ಣಂಗಿಲ್ಲ!" ಅಂತ ಹೇಳಿ ಹೋದ್ರು. ಬಾವಿ ಉಳಿಸಾಕ ಹೋಗಿ ನಾನೇ ಅದರ ಮ್ಯಾಲ ಮಣ್ಣು ಹಾಕಿದಂಗಾತಲ್ಲ!

ಸಂಜೀಕ ಅವರ ಮಗಳು ಬಂದು ನನ್ನ ಹತ್ರ ಕುಂತ್ಲು. "ನಂಗ ಮೊದಲನೇ ದಿನಾನೇ ಗೊತ್ತಾಗಿತ್ರಿ ಅಕ್ಕೋರ. ಅವ್ರ ಫೋನಿನ್ಯಾಗ ಬಾಣ ಇತ್ತು."

"ಮತ್ತ ಹೇಳಬಾರದಿತ್ತೇನವಾ?"

"ಹ್ಯಾಂಗ ಹೇಳ್ಲಿ? ಅಷ್ಟೊತ್ತಿಗೆ ಉಪ್ಪಿಟ್ಟು ಆಗಿಬಿಟ್ಟಿತ್ತು."

ಸಾಹೇಬ್ರ ರಿಪೋರ್ಟ್

ಮೂರು ತಿಂಗಳು ಮುಗದ್ವು. "ನಾಳಿಗೆ ಸಾಹೇಬ್ರು ಬರ್ತಾರ, ಜೋಡಿ ಜೆಸಿಬೀನೂ ಬರ್ತದ" ಅಂತ ಡಂಗುರ ಆತು. ಬಾವ್ಯಾಗ ನಾ ಇನ್ನೂ ಡಬ್ಬೀನೇ ಇಟ್ಟಿದ್ದಿಲ್ಲ. ಗಡಬಡಿಸಿ ಒಂದು ಸ್ಟೀಲಿನ ಡಬ್ಬ್ಯಾಗ ನೋಟಬುಕ್ಕು ಹಾಕಿ, ಫೋನಿನ್ಯಾಗ ಅಂಕಿ ನಾಲ್ಕು ಸಲ ನೋಡಿ ಹಾಕಿದೆ. ಮುಂಜಾನಿ ನಮ್ಮನಿಯವ್ರ ಕೈಯಾಗ ಕೊಟ್ಟು, "ಬಸ್ಸಿಗೆ ಹೋಗೋ ದಾರ್ಯಾಗ ಬಾವಿ ಗ್ವಾಡ್ಯಾಗಿನ ಗೂಡಿನ್ಯಾಗ ಇಟ್ಟು ಹೋಗ್ರಿ" ಅಂದೆ. "ಇಟ್ಟೀನಿ" ಅಂತ ಫೋನ್ ಮಾಡಿ ಬಸ್ ಹತ್ತಿದ್ರು.

ರಜಾ ಚೀಟಿ ಕೊಟ್ಟು ಹತ್ತಕ್ಕ ಬಾವಿಗೆ ಹೋದೆ. ಸಾಹೇಬ್ರು ಬಂದಿದ್ರು. ಮೆಂಬರ್ರು ಮೂರನೇ ಮೆಟ್ಟಲ ಮ್ಯಾಲ ಕುಂತು, ತಮ್ಮ ಟವೆಲ್ ಬಾಜೂಕ ಗ್ವಾಡಿಗೆ ಇಳಿಬಿಟ್ಟಿದ್ರು. ಮೂರರ ಕೆಳಗ ಮೆಟ್ಟಲೇ ಕಾಣ್ತಿದ್ದಿಲ್ಲ, ಬರೇ ಹೂಳು, ಜಾಲಿ.

"ಬಳಕಿ ಇಲ್ಲ ಅಂತ ಕಾಣ್ತದಲ್ರಿ ಮೇಡಂ," ಅಂದ್ರು ಸಾಹೇಬ್ರು.

"ಸಾಹೇಬ್ರ, ಬಾವ್ಯಾಗ ನನ್ನ ಡಬ್ಬಿ ಅದ. ಅದನ್ನಷ್ಟು ತಗದು ಆಮ್ಯಾಗ ಮುಚ್ಚರಿ," ಅಂದುಬಿಟ್ಟೆ.

"ಎಂಥಾ ಡಬ್ಬಿ?"

ಆಟ ಹೇಳಿದೆ. ಅವ್ರ ಕಣ್ಣು ಅರಳಿದ್ವು. ಫೋನ್ ಇಸಗೊಂಡು ಬಾಣ ನೋಡಿದ್ರು. ಬಾಣ ಹೋಗಿ ಬಾವಿ ನಡಮಧ್ಯಕ್ಕ ನಿಂತಿತ್ತು. "ಐದು ನಿಮಿಷ," ಅಂತ ಜೆಸಿಬಿ ಡ್ರೈವರಿಗೆ ಕೈ ಮಾಡಿದ್ರು. "ಆ ಜಾಲಿ ಅಷ್ಟು ತಗೀರಿ."

ಜಾಲಿ ಕಿತ್ತ ಮ್ಯಾಲ ನಾಲ್ಕನೇ ಮೆಟ್ಟಲು ಕಾಣ್ತು. ಡಬ್ಬಿ ಇಲ್ಲ. "ಇನ್ನ ಸ್ವಲ್ಪ" ಅಂದ್ರು. ಗೂಡಿನ ಮಾತು ನನ್ನ ಬಾಯಿ ತುದಿಗೆ ಬಂದಿತ್ತು, ಮೆಟ್ಟಲು ಕಾಣೋದು ನೋಡಿ ನುಂಗಕೊಂಡೆ. ಐದನೇದು. ಆರನೇದು. ಸಾಹೇಬ್ರು ಬೂಟು ಬಿಚ್ಚಿ ಪ್ಯಾಂಟು ಮಡಚಿ ಇಳದ್ರು. ಹನ್ನೊಂದಾತು, ಹನ್ನೆರಡಾತು. ಎಂಟನೇ ಮೆಟ್ಟಲಿಗೆ ಒಂದು ಕಮಾನು ಬಂತು, ಕಮಾನಿನ ಮ್ಯಾಲ ಎರಡು ಆನಿ. ಊರ ಮಂದಿ ಎಲ್ಲಾ ಬಂದು ದಂಡಿಗೆ ನಿಂತ್ರು. ಆಮ್ಯಾಗ ಮೆಂಬರ್ರಿಗೂ ತಡಕೊಳ್ಳಾಕ ಆಗಲಿಲ್ಲ. "ಅಲ್ಲಲ್ಲ, ಎಡಕ್ಕ ತೋಡೋ! ಎಡಕ್ಕ ಇರ್ತದ!" ಅಂತ ಡ್ರೈವರಿಗೆ ಅವ್ರೇ ಹೇಳಾಕ ಹತ್ತಿದ್ರು. ಹದಿನಾಲ್ಕನೇ ಮೆಟ್ಟಲಿಗೆ ನೀರು ಒಸರಿತು, ನೋಡ್ತಾ ನೋಡ್ತಾ ಮೊಣಕಾಲ ಮಟ ನಿಂತಿತು. ಕಾಲುವಿ ನೀರು ಇಷ್ಟು ವರ್ಷ ಒಳಗಿಂದೊಳಗ ಜಿನುಗಿ ಬಾವಿಗೆ ಸೆಲಿ ತಂದಿತ್ತು. ಮುದುಕ್ಯಾರು ಬಾಯಿ ಮ್ಯಾಲ ಸೆರಗು ಇಟಗೊಂಡು ಅಳಾಕತ್ರು. ನಾನೂ ಅತ್ತೆ. ಇಪ್ಪತ್ತು ವರ್ಷದ ಮ್ಯಾಲ ಅದೇ ಮೆಟ್ಟಲ ಮ್ಯಾಲ ಕುಂತು, ಈ ಸಲ ಖುಷೀಲೆ.

ಅಷ್ಟ್ರಾಗ ಯಾದಗಿರಿಂದ ನಮ್ಮನಿಯವ್ರ ಫೋನು. ಸಿಟ್ಟಿನ್ಯಾಗಿದ್ರು. "ಊಟಕ್ಕ ಅಂತ ಡಬ್ಬಿ ತಗದೀನಿ, ಒಳಗ ನೋಟಬುಕ್ಕು ಪೆನ್ಸಿಲ್ ಅವ! ನನ್ನ ರೊಟ್ಟಿ ಎಲ್ಲಿ?"

ಎರಡೂ ಒಂದೇ ಥರದ ಸ್ಟೀಲಿನ ಡಬ್ಬಿ!

ಮಣ್ಣಾದ ಕೈ ಒರಸಕೊಳ್ಳಾಕ ಅಂತ ಮೆಂಬರ್ರು ಅದೇ ಹೊತ್ತಿಗೆ ಮ್ಯಾಲ ಬಂದು ಟವೆಲ್ ಎಳದ್ರು. ಟವೆಲ್ ಹಿಂದ ಗೂಡು. ಗೂಡಿನ್ಯಾಗ ಡಬ್ಬಿ. ಮುಂಜಾನಿಂದ ಅವರ ಬಗಲಾಗೇ ಇತ್ತು.

"ಸಿಕ್ತು! ಸಾಹೇಬ್ರ, ನನಗ ಸಿಕ್ತು!" ಅಂತ ಕುಣದಾಡಿದ್ರು. ಊರೆಲ್ಲಾ ಚಪ್ಪಾಳಿ. ಸಾಹೇಬ್ರು ಮ್ಯಾಲ ಬಂದು, ಎಲ್ಲಾರ ಮುಂದ ಡಬ್ಬಿ ಬಿಚ್ಚಿದ್ರು. ಒಳಗ ನಾಲ್ಕು ಜ್ವಾಳದ ರೊಟ್ಟಿ, ಎಣಗಾಯಿ ಪಲ್ಲೆ.

ನಾ ಸೆರಗಿನ್ಯಾಗ ಮಾರಿ ಮುಚಗೊಂಡೆ.

ಸಾಹೇಬ್ರು ಮೂಸಿ ನೋಡಿದ್ರು. ಮುಂಜಾನಿಂದ ತೋಡಿಸಿ ತೋಡಿಸಿ ಹಸದಿದ್ರು. ಹದಿನಾಲ್ಕು ಮೆಟ್ಟಲು ಇಳದು ಬಾವಿ ನೀರಿನ್ಯಾಗ ಕೈ ತೊಳಕೊಂಡು ಬಂದು, ಮೆಂಬರ್ರನ್ನ ಬಾಜೂಕ ಕುಂದ್ರಿಸಿಕೊಂಡು, ಇಬ್ರೂ ಕೂಡಿ ನಾಲ್ಕೂ ರೊಟ್ಟಿ ಮುಗಿಸಿದ್ರು. ಆಮ್ಯಾಗ ಅಲ್ಲೇ ಮೊಣಕಾಲ ಮ್ಯಾಲ ಹಾಳಿ ಇಟಗೊಂಡು ರಿಪೋರ್ಟ್ ಬರದು, ಮೆಂಬರ್ರ ಸಹೀನೂ ಹಾಕಿಸಿ, ನನಗ ಓದಾಕ ಕೊಟ್ರು:

"ಸದರಿ ಬಾವಿಯು ಸಾರ್ವಜನಿಕರ ಬಳಕೆಯಲ್ಲಿರುತ್ತದೆ. ಸ್ಥಳ ಪರಿಶೀಲನೆ ವೇಳೆ ಬಾವಿಯೊಳಗಿನ ಗೂಡಿನಲ್ಲಿ ಅದೇ ದಿನದ ರೊಟ್ಟಿ ಹಾಗೂ ಎಣಗಾಯಿ ಪಲ್ಲೆ ಕಂಡುಬಂದಿದ್ದು, ರುಚಿ ನೋಡಿ ಖಚಿತಪಡಿಸಿಕೊಳ್ಳಲಾಗಿದೆ."